ಗಾಡಿ ಓಡುವ ತನಕ

ಗುಂಡ್ಲುಪೇಟೆ
11-2-1957

ಚಾಮರಾಜನಗರದ ಜವಳಿ ವರ್ತಕರಾದ ದೊಡ್ಡಮಲ್ಲಪ್ಪನವರ ಜ್ಯೇಷ್ಠ ಪುತ್ರಿಯೂ, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಓಣಿಯವರನ್ನೆಲ್ಲ ಹೆದರಿಸಿದವಳೂ ಆದ ಅಕ್ಕ ಮಂಗಳಗೌರಿಯ ಸನ್ನಿಧಾನಕ್ಕೆ, ಅವಳ ಒಬ್ಬನೇ ತಮ್ಮನೂ ಸದ್ಯಕ್ಕೆ ಗುಂಡ್ಲುಪೇಟೆಯ ಸೆರೆಯಾಳೂ ಆದ ನೀಲಕಂಠಸ್ವಾಮಿ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಾನು ಬದುಕಿದ್ದೇನೆ. ದಿನಕ್ಕೆ ಮೂರು ಹೊತ್ತು ತುಪ್ಪ ಬಡಿಸಿ ಬದುಕಿಸುತ್ತಿದ್ದಾರೆ.

ನಿನ್ನ ಒಪ್ಪಿಗೆ ಶಾಸ್ತ್ರದ ದಿನ ಅಪ್ಪ ಭಾವನಿಗೆ ಕೊಟ್ಟ ಮೋಟರ್ ಸೈಕಲ್ ಭಾವನನ್ನೂ ನನ್ನನ್ನೂ ಹೊತ್ತು ನಮ್ಮೂರಿಂದ ಇಲ್ಲಿಯವರೆಗೆ ಕುದುರೆಯ ಹಾಗೆ ಬಂತು. ಭಾವನ ಅಪ್ಪ ಮರಿಮಲ್ಲಪ್ಪನವರ ಜಗಲಿಯ ಪಕ್ಕದಲ್ಲಿ ಮಲಗಿತು. ಬೆಳಿಗ್ಗೆ ಏಳಲಿಲ್ಲ. ಅಂದಿನಿಂದ ಎದ್ದಿಲ್ಲ. ಅಂದು ಶಾಸ್ತ್ರದ ಮನೆಯಲ್ಲಿ ನಿನ್ನ ತಮ್ಮ ಹತ್ತು ಜನರ ಮುಂದೆ, "ನಾನು ಮೈಸೂರಿನ ವರ್ಕ್‌ಶಾಪಿನಲ್ಲಿ ಒಂದು ವರ್ಷ ಇಂಜಿನ್ ವಿದ್ಯೆ ಅಭ್ಯಾಸ ಮಾಡಿದವನು" ಎಂದಿದ್ದು ನಿನಗೆ ನೆನಪಿರಬಹುದು. ಒಂದು ವರ್ಷವಲ್ಲ, ಮೂರು ಮಧ್ಯಾಹ್ನ. ಅಭ್ಯಾಸವಲ್ಲ, ನೆರಳಿಗೆ ಕೂತಿದ್ದು. ಈ ತಿದ್ದುಪಡಿಯನ್ನು ಈಗ ಯಾರಿಗೂ ಹೇಳುವ ಹಾಗಿಲ್ಲ.

ಬಂದ ದಿನವೇ ಮರಿಮಲ್ಲಪ್ಪನವರು ಕಡ್ಲೆಕಾಯಿ ಮಂಡಿಯ ಗಾದಿಯ ಮೇಲೆ ಕೂತು ತೀರ್ಪು ಕೊಟ್ಟರು: "ಓಡೋ ಗಾಡಿ ಕೊಡ್ತೀನಿ ಅಂದ್ರು ನಿಮ್ಮಪ್ಪ. ಓಡ್ಲಿ. ಓಡಿದ್ ಮಾರನೇ ದಿನ ಲಗ್ನ ಬರುಸ್ತೀನಿ. ಅಲ್ಲೀಗಂಟ ನೀನೂ ಇರು, ಗಾಡೀನೂ ಇರ್ಲಿ."

ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಮ್ಮೂರಿನ ಬಸ್ಸು ಹೊರಡುವುದು ಸರಿಯಾಗಿ ಇಲ್ಲಿ ಎಲೆ ಹಾಕುವ ಹೊತ್ತಿಗೆ. ಬೀಗರ ಮನೆಯಲ್ಲಿ ಉಣ್ಣದೆ ಹೊರಟರೆ ಅವಮಾನ. ಉಂಡು ಎದ್ದರೆ ಬಸ್ಸು ತೆರಕಣಾಂಬಿ ದಾಟಿರುತ್ತದೆ. ಇಂಥ ಜೈಲನ್ನು ಸರ್ಕಾರ ಕೂಡ ಕಟ್ಟಿಸಿಲ್ಲ.

ವಿದ್ಯೆಯ ವಿಚಾರ. ಇಂಜಿನ್ನಿನ ನೆತ್ತಿಯಲ್ಲಿ ಪ್ಲಗ್ಗು ಎಂಬ ಬಿಳೀ ಪಿಂಗಾಣಿಯ ಗೂಟ ಇದೆ. ಅದನ್ನು ಬಿಚ್ಚಿ, ಪಂಚೆಯ ಅಂಚಿನಲ್ಲಿ ಚೆನ್ನಾಗಿ ಒರೆಸಿ, ತಂತಿ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿದೆ. ಭಾವ ಒದ್ದರು. ಚಟ್ ಎಂದು ನೀಲಿ ಕಿಡಿ ಬಂತು. ಕಿಡಿ ಇದೆ, ಪೆಟ್ರೋಲ್ ಇದೆ, ಗಾಡಿ ಇಲ್ಲ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕ ಅಲ್ಲಿ ಮನೆಯಲ್ಲಿ ನನ್ನ ಟ್ರಂಕಿನಲ್ಲೇ ಉಳಿದಿದೆ. ನೀನು ಓದಿ ಬರೆಯಬೇಕು. ಕಾರ್ಡು ಹಾಕಬೇಡ, ಬೀಗರು ಓದುತ್ತಾರೆ. ಲಕೋಟೆ ಹಾಕು.

ಇತಿ, ತುಪ್ಪದಿಂದ ಬಾಧಿತನಾದ,
ನೀಲಕಂಠ


ಚಾಮರಾಜನಗರ
16-2-1957

ಚಿ॥ ನೀಲಕಂಠನಿಗೆ ಆಶೀರ್ವಾದ.

ಪುಸ್ತಕ ಸಿಕ್ಕಿತು. ಅದರ ಕೆಳಗಿದ್ದ, ನೀನು ಕದ್ದಿದ್ದ ಹೆಡ್ಮಾಸ್ಟರ ಗಂಟೆಯೂ ಸಿಕ್ಕಿತು. ಅಪ್ಪನಿಗೆ ಹೇಳಿಲ್ಲ.

ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದುತ್ತಿದ್ದೇನೆ. ಕಿಡಿ ಬರುವುದೊಂದೇ ಸಾಲದಂತೆ. ಪ್ಲಗ್ಗು ಗಾಡಿಯ ಒಳಗಿದ್ದಾಗಲೂ ಬರಬೇಕು, ಸರಿಯಾದ ಹೊತ್ತಿಗೆ ಬರಬೇಕು, ಒಳಗೆ ಪೆಟ್ರೋಲ್ ಹದವಾಗಿರಬೇಕು. ಇನ್ನೂ ಓದಬೇಕು. ನಿಧಾನವಾಗಿಯೇ ಓದುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಅವರು ಗಾಡಿ ಓಡಿದ ಮಾರನೆಯ ದಿನ ಲಗ್ನ ಬರೆಸುತ್ತಾರೆ ಎಂದು ನೀನು ಬರೆದೆ. ಅವ್ವ ಹೇಳಿದಳು, "ಲಗ್ನ ಬರ್ಸೋಗಂಟ ಬ್ಯಾಡ ಅನ್ನಕೆ ದಾರಿ ಅದೆ ಕಣಮ್ಮಿ, ಆಮೇಕೆ ಇಲ್ಲ" ಅಂತ. ನನ್ನನ್ನು ಈವರೆಗೆ ಯಾರೂ ಕೇಳಿಲ್ಲ. ಶಾಸ್ತ್ರದ ದಿನ ನಾನು ನೋಡಿದ್ದು ಎಲೆ ಅಡಿಕೆ ತಟ್ಟೆಯನ್ನು, ಗಂಡಿನ ಬೆರಳುಗಳನ್ನು. ಮುಖ ಎತ್ತಿದಾಗ ಅವರು ಆಗಲೇ ಗಾಡಿ ಓಡಿಸುವಾಗ ಗಾಳಿಗೆ ಹಾಕುವ ಆ ದಪ್ಪ ಕನ್ನಡಕ ಹಾಕಿಕೊಂಡಾಗಿತ್ತು.

ನೀನು ಆ ಮನೆಯೊಳಗೆ ಇದ್ದೀಯ. ನಿನಗೆ ಕಣ್ಣಿದೆ. ತಮಾಷೆ ಬಿಟ್ಟು ಏನು ಕಂಡಿತೋ ಅದನ್ನು ಬರಿ. ಗಾಡಿ ಓಡುವ ತನಕ ಮಾತ್ರ ನನಗೆ ಸಮಯ.

ನಿನ್ನ ಅಕ್ಕ,
ಮಂಗಳಗೌರಿ


ಗುಂಡ್ಲುಪೇಟೆ
25-2-1957

ಅಕ್ಕನ ಪಾದಕ್ಕೆ,

ನನ್ನ ಬಿಡುಗಡೆಯ ದಿನವೇ ನಿನ್ನನ್ನು ಹಿಡಿಯುತ್ತಾರೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಕಾಗದ ಓದಿ ಅರ್ಧ ಗಂಟೆ ಗಂಭೀರವಾಗಿದ್ದೆ. ಈ ಮನೆಯಲ್ಲಿ ಅದೇನೂ ಕಷ್ಟವಲ್ಲ. ಇಲ್ಲಿ ಯಾರೂ ನಗುವುದಿಲ್ಲ. ಮರಿಮಲ್ಲಪ್ಪನವರು ಮಂಡಿಯಿಂದ ಬಂದು ಕೆಮ್ಮಿದರೆ ಅಡುಗೆಮನೆಯ ಸೌಟು ಕೂಡ ಸುಮ್ಮನಾಗುತ್ತದೆ.

ಅವರ ಹೆಂಡತಿ ದೊಡ್ಡಮಲ್ಲಮ್ಮನವರು ಬೆಳಕು ಹರಿಯುವ ಮೊದಲೇ ಎದ್ದು, ಮಿಂದು, ಪೂಜೆ ಮಾಡಿ, ಮನೆಗೆಲ್ಲ ಮಾಡಿ ಹಾಕಿ, ಎಲ್ಲರೂ ಉಂಡ ಮೇಲೆ ಬಾಗಿಲ ಹಿಂದೆ ಕೂತು ಉಣ್ಣುತ್ತಾರೆ. ಅವರ ಗಂಡ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏ" ಅನ್ನುತ್ತಾರೆ. ನನಗೆ ಮಾತ್ರ ಅವರು, "ಮಗ, ಇನ್ನೊಂದ್ ಮುದ್ದೆ ಮುರಿ" ಅನ್ನುತ್ತಾರೆ.

ಭಾವನ ವಿಚಾರ. ವಯಸ್ಸು ಇಪ್ಪತ್ತನಾಲ್ಕು. ಗೋಪಾಲಸ್ವಾಮಿ ಬೆಟ್ಟದಿಂದ ಆಚೆಗೆ ಒಬ್ಬರೇ ಹೋದವರಲ್ಲ. ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಾರೆ, ಅಪ್ಪ ಹೂಂ ಅಂದರೆ ಹೂಂ. ಮೊದಲ ವಾರ ಈ ಮನುಷ್ಯ ಬರೀ ಕನ್ನಡಕ ಅಂತ ತೀರ್ಮಾನಿಸಿ ನಾನೊಂದು ಪರೀಕ್ಷೆ ಇಟ್ಟೆ. "ಭಾವ, ಇದು ಶಾಸ್ತ್ರೋಕ್ತವಾದ ಗಾಡಿ. ದಿನಾ ಬೆಳಿಗ್ಗೆ ಪೂರ್ವಾಭಿಮುಖವಾಗಿ ನಿಲ್ಲಿಸಿ ನೂರೆಂಟು ಸಲ ಒದೆಯಬೇಕು. ಎಣಿಕೆ ತಪ್ಪಿದರೆ ಮೊದಲಿಂದ" ಅಂದೆ. ಅವರು ಒದ್ದರು. ಹನ್ನೊಂದು ದಿನ ಒದ್ದರು. ಮಂಡಿಯ ಆಳು ಬೋರಯ್ಯ ಪಕ್ಕದಲ್ಲಿ ಕೂತು ಎಣಿಸುತ್ತಿದ್ದ. ನಾನು ಜಗಲಿಯಲ್ಲಿ ಟವೆಲ್ಲು ಬಾಯಿಗೆ ತುರುಕಿಕೊಂಡಿದ್ದೆ.

ನಿನ್ನೆ ಅವರು ಕಾಲು ತೊಳೆಯುವಾಗ ನೋಡಿದೆ. ಒದೆಯುವ ಕಬ್ಬಿಣ ತಿರುಗಿ ಬಂದು ಬಡಿದು ಬಲಗಾಲಿನ ಮೂಳೆಯ ಮೇಲೆ ಅಂಗೈಯಗಲ ನೀಲಿಗಟ್ಟಿದೆ. "ಬೋರಯ್ಯನ ಕೈಲಿ ಒದೆಸಬಾರದಾಗಿತ್ತಾ ಭಾವ" ಅಂದೆ. "ಗಾಡಿ ಬಂದಿರೋದು ನಂಗಾಗಿ ಅಲ್ವಾ ನೀಲಕಂಠಪ್ಪ, ಅವನ ಕಾಲ್ಯಾಕೆ ಮುರೀಬೇಕು" ಅಂದರು.



ಇತಿ, ಸ್ವಲ್ಪ ಕುಗ್ಗಿದ,
ನೀಲಕಂಠ


ಚಾಮರಾಜನಗರ
2-3-1957

ನೀಲಕಂಠ,

ನಿನ್ನನ್ನು ಬೈಯಲು ಹಾಳೆ ಸಾಲದು.

ಪುಸ್ತಕದಲ್ಲಿದೆ, ಕೇಳು. ಹೊತ್ತಿಕೊಳ್ಳದ ಇಂಜಿನ್ನನ್ನು ಸುಮ್ಮನೆ ಒದೆಯುತ್ತಾ ಹೋದರೆ ಪೆಟ್ರೋಲ್ ಒಳಗೆ ತುಂಬಿಕೊಂಡು ಪ್ಲಗ್ಗು ತೋಯ್ದುಹೋಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಕಿಡಿ ಇದ್ದರೂ ಹತ್ತುವುದಿಲ್ಲ. ನೂರೆಂಟು ಸಲ ಒದೆಸಿ ಮುಳುಗಿಸಿದವನು ನೀನೇ.

ಸಂಜೆ ಪೆಟ್ರೋಲಿನ ನಲ್ಲಿ ಮುಚ್ಚು. ಪ್ಲಗ್ಗು ಬಿಚ್ಚು. ಹತ್ತು ಸಲ ಮೆಲ್ಲಗೆ ತುಳಿ, ಒಳಗಿರುವುದು ಹೊರಗೆ ಬರುತ್ತದೆ. ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ಪ್ಲಗ್ಗು ಒರೆಸಿ ಹಾಕಿ ನೋಡು. ತುಳಿಯುವುದು ನಿನ್ನ ಕಾಲಲ್ಲಿ.

ಅವರ ಕಾಲಿಗೆ ಅರಿಸಿನ ಸುಣ್ಣ ಹಚ್ಚಲು ಹೇಳು. ನಾನು ಹೇಳಿದೆ ಅಂತ ಹೇಳಬೇಡ.

ಮಂಗಳಗೌರಿ


ಗುಂಡ್ಲುಪೇಟೆ
14-3-1957

ಅಕ್ಕ,

ಇತಿಹಾಸಕಾರರು ಬರೆದುಕೊಳ್ಳಲಿ: ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ, ನನ್ನ ಮೂರನೆಯ ಒದೆತಕ್ಕೆ, ಗಾಡಿ ಎದ್ದಿತು. ಮಂಡಿಯ ಎತ್ತುಗಳು ಹಗ್ಗ ಕಿತ್ತುಕೊಂಡವು. ಭಾವ ಕನ್ನಡಕ ಹಾಕುವುದನ್ನೇ ಮರೆತು ಊಟಿ ರಸ್ತೆಯಲ್ಲಿ ಒಂದು ಮೈಲಿ ಹೋಗಿ ಬಂದರು. ಅವರ ಹಲ್ಲುಗಳನ್ನು ಮೊದಲ ಸಲ ನೋಡಿದೆ. ಚೆನ್ನಾಗಿವೆ, ಬರೆದುಕೊ. ಶನಿವಾರವೂ ಎದ್ದಿತು. ಮರಿಮಲ್ಲಪ್ಪನವರು ತೀರ್ಪು ತಿದ್ದಿ, ಮೂರನೆಯ ದಿನವೂ ಓಡಿದರೆ ಜಂಗಮರಾದ ಗುರುಮಲ್ಲಯ್ಯನವರನ್ನು ಕರೆಸಿ ಲಗ್ನ ನೋಡಿಸುವುದಾಗಿ ಹೇಳಿದರು. ನಾನು ಪಂಚೆ ಮಡಿಸಿ ಗಂಟು ಕಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಸತ್ತಿತು. ಅಂದಿನಿಂದ ಇವತ್ತಿನವರೆಗೂ ಎದ್ದಿಲ್ಲ. ಒಂದು ಹನಿ ಹೆಚ್ಚು ಪೆಟ್ರೋಲ್ ಬಿಟ್ಟಿಲ್ಲ. ಐದು ಒದೆತಕ್ಕಿಂತ ಹೆಚ್ಚು ಒದ್ದಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಿಡಿದರೆ ಕಿಡಿ ಕೊಡುತ್ತದೆ. ತಂತಿ ಸರಿ, ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟೋ ಸರಿ. ಹಾಗಾದರೆ ಇದು ರೋಗವಲ್ಲ, ಹಠ.

ಮರಿಮಲ್ಲಪ್ಪನವರು ನಿನ್ನೆ ಊಟದ ಮುಂದೆ, "ನಿಮ್ಮಪ್ಪ ಗಾಡಿ ಕೊಟ್ನೋ, ಗುಜರಿ ಕೊಟ್ನೋ" ಅಂದರು. ಭಾವ ಎಲೆ ನೋಡುತ್ತಾ, "ಅವರ್ನ್ಯಾಕೆ ಅಂತೀಯಪ್ಪ, ಗಾಡಿ ಕೇಳಿದ್ದು ನಾವು" ಅಂದರು. ಅಪ್ಪನಿಗೆ ಅವರು ಎದುರು ಮಾತಾಡಿದ್ದು ಇದೇ ಮೊದಲಂತೆ, ಬೋರಯ್ಯ ಹೇಳಿದ. ಮರಿಮಲ್ಲಪ್ಪನವರು ಎದ್ದುಹೋದರು. ಅವರ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು. ಆ ಸಿಟ್ಟನ್ನು ಅವರು ತೀರಿಸಿಕೊಂಡದ್ದು ಮಗನ ಮೇಲಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ದೊಡ್ಡಮಲ್ಲಮ್ಮನವರ ಮೇಲೆ.

ಇತಿ, ಗಂಟು ಬಿಚ್ಚಿದ,
ನೀಲಕಂಠ


ಚಾಮರಾಜನಗರ
19-3-1957

ನೀಲಕಂಠ,

ಶುಕ್ರವಾರ, ಶನಿವಾರ ಓಡಿತು. ಭಾನುವಾರದಿಂದ ಇಲ್ಲ. ಆ ಎರಡು ದಿನ ಮನೆಯಲ್ಲಿ ಯಾರು ಇರಲಿಲ್ಲ? ಏನು ನಡೆಯಲಿಲ್ಲ? ಗಾಡಿಯನ್ನು ಬಿಟ್ಟು ಮನೆಯನ್ನು ನೋಡಿ ಬರಿ. ಬೇಗ ಬರಿ.

ಮಂಗಳಗೌರಿ


ಗುಂಡ್ಲುಪೇಟೆ
22-3-1957
(ಕಾರ್ಡು)

ಅಕ್ಕನಿಗೆ ನಮಸ್ಕಾರ. ಲಕೋಟೆಗಳು ಮುಗಿದಿವೆ, ಆದ್ದರಿಂದ ಕಾರ್ಡು. ಪೂಜ್ಯ ಮರಿಮಲ್ಲಪ್ಪ ಮಾವನವರು ದಯಾಸಾಗರರು, ಮಿತಭಾಷಿಗಳು, ಅವರ ಅಕ್ಷರ ಜ್ಞಾನ ಅಪಾರ, ಇದನ್ನು ಓದುವಾಗ ಅವರಿಗೇ ತಿಳಿಯುತ್ತದೆ. ಮನೆಯಲ್ಲಿ ಸರ್ವರೂ ಕ್ಷೇಮ. ಅತ್ತೆಯವರು ಮಾತ್ರ ಆ ಗುರುವಾರ ಸಂಜೆ ತವರೂರು ಭೀಮನಬೀಡಿಗೆ, ಅಣ್ಣನ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದು ಶನಿವಾರ ಸಂಜೆ ಬಂದರು. ಆ ಎರಡು ಬೆಳಿಗ್ಗೆ ಮನೆಯಲ್ಲಿ ಪೂಜೆಯೂ ಸರಿಯಾಗಿ ಆಗಲಿಲ್ಲ, ಉಪ್ಪಿಟ್ಟೂ ಆಗಲಿಲ್ಲ. ಬೇರೆ ವಿಶೇಷವಿಲ್ಲ.

ನೀಲಕಂಠಸ್ವಾಮಿ


ಚಾಮರಾಜನಗರ
27-3-1957

ನೀಲಕಂಠ,

ಇದನ್ನು ಒಬ್ಬನೇ ಕೂತು ಓದು. ಓದಿ ಒಲೆಗೆ ಹಾಕು.

ನಮ್ಮ ಮನೆಯಲ್ಲಿ ಪೂಜೆ ಮುಗಿಸಿ ಅವ್ವ ಏನು ಮಾಡುತ್ತಾಳೆ? ಅಂಗೈಯಲ್ಲಿ ವಿಭೂತಿ ಕಲಸಿಕೊಂಡು ಹೊಸಿಲಿಗೆ, ಒರಳಿಗೆ, ಹಸುವಿನ ಹಣೆಗೆ, ಅಪ್ಪನ ಗಜಕಡ್ಡಿಗೆ ಮೂರು ಬೆರಳು ಎಳೆಯುತ್ತಾಳೆ. ಅವರೂ ಹಾಗೇ. ಗಾಡಿ ಮನೆಗೆ ಬಂದ ಮೇಲೆ ಅದಕ್ಕೂ ಎಳೆಯದೆ ಇರುತ್ತಾರಾ? ಹಣೆ ಎಲ್ಲಿ ಅಂತ ನೋಡಿದ್ದಾರೆ. ನೆತ್ತಿಯ ಮೇಲೆ ಬೆಳ್ಳಗೆ, ಗುಂಡಗೆ, ಲಿಂಗದ ಹಾಗೆ ನಿಂತಿರುವುದು ಅದೊಂದೇ.

ಪುಸ್ತಕದ ಇಪ್ಪತ್ತೆರಡನೇ ಪುಟ: ಪಿಂಗಾಣಿಯ ಹೊರಮೈ ಒಣಗಿ ಚೊಕ್ಕಟವಾಗಿರಬೇಕು, ಹಸಿ ಕೊಳೆ ಇದ್ದರೆ ಕರೆಂಟು ಒಳಗೆ ಹೋಗದೆ ಹೊರಮೈ ಮೇಲೇ ಜಾರಿ ಇಂಜಿನ್ನಿಗೆ ಇಳಿದುಬಿಡುತ್ತದೆ. ಹಸಿ ವಿಭೂತಿಗೂ ಅದೇ ಗತಿ. ಬಿಳಿಯ ಮೇಲೆ ಬಿಳಿ, ಯಾರ ಕಣ್ಣಿಗೆ ಬೀಳಬೇಕು. ನೀನು ಪರೀಕ್ಷೆಗೆ ಮೊದಲು ಪಂಚೆಯಲ್ಲಿ ಒರೆಸುತ್ತೀಯ. ಕಳ್ಳನನ್ನು ನೀನೇ ಓಡಿಸಿ, ಆಮೇಲೆ ಕಳ್ಳನಿಲ್ಲ ಎಂದು ಬರೆಯುತ್ತೀಯ. ಒರೆಸಿ ಹಾಕಿದ ಮೇಲೂ ಹತ್ತದಿದ್ದದ್ದು ಅಷ್ಟರಲ್ಲಿ ಒದ್ದು ಒಳಗೆಲ್ಲ ತೋಯಿಸಿದ್ದರಿಂದ, ಹೊತ್ತಿಕೊಳ್ಳದ ಐದು ಒದೆತವೂ ಅದಕ್ಕೆ ಸಾಕು.

ಈಗ ಮುಖ್ಯವಾದ ಮಾತು. ಇದನ್ನು ಮಂಡಿಯಲ್ಲಿ ಹೇಳಿದರೆ ಅಪ್ಪನ ಮರ್ಯಾದೆ ಉಳಿಯುತ್ತದೆ, ನಿನಗೆ ಶಹಬಾಸ್ ಸಿಗುತ್ತದೆ. ಬಾಗಿಲ ಹಿಂದೆ ಕೂತು ಉಣ್ಣುವ ಆ ಅಮ್ಮ ಏನಾಗುತ್ತಾರೆ, ನೀನೇ ಯೋಚಿಸು. ಎರಡು ತಿಂಗಳ ಸಿಟ್ಟೆಲ್ಲ ಅವರ ತಲೆಗೆ. ಅವರಿಗೊಬ್ಬರಿಗೇ ಹೇಳು, ಅಡುಗೆಮನೆಯಲ್ಲಿ, ಮೆತ್ತಗೆ. ಉಳಿದವರಿಗೆ ತಪ್ಪು ನಿನ್ನದೆಂದು ಹೇಳು.

ಹೇಳದೆ ಸುಮ್ಮನಿರಬಹುದಿತ್ತು. ಈ ಕಾಗದವನ್ನು ಮೂರು ದಿನ ಸೀರೆಯ ಪೆಟ್ಟಿಗೆಯಲ್ಲಿಟ್ಟಿದ್ದೆ. ಗಾಡಿ ಕೆಟ್ಟಿರುವಷ್ಟು ದಿನ ನಾನು ಇಲ್ಲಿರುತ್ತೇನೆ. ಆದರೆ ಹಾಗೆ ಇರುವುದು ಇರುವುದಲ್ಲ, ಅವಿತುಕೊಳ್ಳುವುದು. ಅದಕ್ಕೋಸ್ಕರ ನೀನು, ಅವರು, ಆ ಅಮ್ಮ ಎಲ್ಲರೂ ಅಲ್ಲಿ ಕಟ್ಟಿಹಾಕಿಸಿಕೊಂಡಿರಬೇಕು.

ಮಂಗಳಗೌರಿ


ಗುಂಡ್ಲುಪೇಟೆ
3-4-1957

ಅಕ್ಕನ ಪಾದಾರವಿಂದಕ್ಕೆ,

ಮಂಗಳವಾರ ಮಧ್ಯಾಹ್ನ ಗಂಡಸರೆಲ್ಲ ಮಂಡಿಗೆ ಹೋದ ಮೇಲೆ ಅಡುಗೆಮನೆಗೆ ಹೋಗಿ, ಹುರುಳಿ ಆರಿಸುತ್ತಿದ್ದ ದೊಡ್ಡಮಲ್ಲಮ್ಮನವರ ಎದುರು ಕೂತೆ. ಹೇಳಿದೆ. ನನ್ನ ಜನ್ಮದಲ್ಲಿ ಮೊದಲ ಸಲ ಒಂದು ವಿಷಯವನ್ನು ಅಲಂಕಾರವಿಲ್ಲದೆ ಹೇಳಿದೆ.

ಅವರು ಹುರುಳಿ ಬಿಟ್ಟು ಬಾಗಿಲ ಕಡೆ ನೋಡಿದರು. "ಅವರ್ಗೆ ಏಳಿದ್ಯಾ ಮಗ?"

"ಇಲ್ಲ ಅತ್ತೆ. ಹೇಳಲ್ಲ."

"ನನ್ ಮಗ ಅದ್ರ ಮ್ಯಾಲೆ ಕೂತ್ಕತಾನಲ್ಲ, ಒಳ್ಳೇದಾಗ್ಲಿ ಅಂತ ಇಟ್ಟೆ ಕಣಪ್ಪ. ನಾನೇ ಕಾಲಿಗ್ ಏಟಾಕಿದಂಗಾಯ್ತು." ಮೊರ ಪಕ್ಕಕ್ಕಿಟ್ಟರು. ಆಮೇಲೆ, "ಎಲ್ಲಿ ಇಟ್ರೆ ತೊಂದ್ರೆ ಇಲ್ಲ, ತೋರ್ಸು" ಅಂದರು. ಇಬ್ಬರೂ ಜಗಲಿಗೆ ಹೋದೆವು. ಮುಂದಿನ ದೀಪವನ್ನು ತೋರಿಸಿದೆ. ಅದರ ಹಣೆ ಪ್ಲಗ್ಗಿನ ಹಣೆಗಿಂತ ಅಗಲ ಅಂತ ಅವರಿಗೂ ಅನಿಸಿತು. "ಇದ್ನ ನೀನ್ ಕಂಡಿಡ್ದಾ?" ಅಂದರು. "ನಮ್ಮಕ್ಕ" ಅಂದೆ. "ಯಾರ್ ಮುಂದ್ಲೂ ಏಳ್ಬ್ಯಾಡ ಅಂದ್ಲಾ?" ಹೂಂ ಅಂದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಇವತ್ತು ಬೆಳಿಗ್ಗೆ ಗಾಡಿ ಎರಡನೆಯ ಒದೆತಕ್ಕೆ ಎದ್ದಿತು. ನಾನು ಎಲ್ಲರ ಮುಂದೆ ನಿಂತು, "ತಂತಿಯನ್ನು ನಾನೇ ತಿರುಗುಮುರುಗಾಗಿ ಸಿಕ್ಕಿಸಿದ್ದೆ, ಎರಡು ತಿಂಗಳ ಅಪರಾಧ ನನ್ನದು" ಎಂದು ತಪ್ಪೊಪ್ಪಿಕೊಂಡೆ. ಮಾಡಿದ ನೂರು ಕಿತಾಪತಿಗೆ ಸಿಕ್ಕದ ಶಿಕ್ಷೆ ಮಾಡದ ಒಂದಕ್ಕೆ ಸಿಕ್ಕಿತು. ಮರಿಮಲ್ಲಪ್ಪನವರು ನನ್ನ ವಂಶ, ನನ್ನ ವಿದ್ಯೆ, ನನ್ನ ಕ್ರಾಪು ಎಲ್ಲವನ್ನೂ ವಿಚಾರಿಸಿಕೊಂಡರು. ಆಮೇಲೆ ಬೋರಯ್ಯನನ್ನು ಕರೆದು, "ಓಗ್ಲಾ, ಗುರುಮಲ್ಲಯ್ಯನೋರ್ನ ಪಂಚಾಂಗ ತಕ್ಕೊಂಡ್ ಬರಕ್ಕೇಳು" ಅಂದರು.

ಭಾವ ಗಾಡಿಯ ಮೇಲೆ ಕೂತೇ ಇದ್ದರು. ಇಂಜಿನ್ ಓಡುತ್ತಿತ್ತು. ನನ್ನನ್ನು ಹತ್ತಿರ ಕರೆದು ಕೇಳಿದರು: "ನೀಲಕಂಠಪ್ಪ, ನಿಮ್ಮಕ್ಕನ್ನ ಯಾರಾರ ಕೇಳಿದ್ರಾ?"

  ಇಲ್ಲ ಅಂತ ತಲೆ ಆಡಿಸಿದೆ.

ಅವರು ಗೇರು ಹಾಕಿದರು. ಮಂಡಿಯ ಕಡೆಗೆ ತಿರುಗಲಿಲ್ಲ, ಊಟಿ ಕಡೆಗೂ ಇಲ್ಲ. ತೆರಕಣಾಂಬಿ ರಸ್ತೆ ಹಿಡಿದರು. ಮರಿಮಲ್ಲಪ್ಪನವರು ಬೀದಿಗೆ ಬಂದು, "ಎಲ್ಲಿಗ್ಲಾ, ಲೋ ಪುಟ್ಟಮಲ್ಲಾ" ಅಂತ ಕೂಗಿದ್ದು ಕೇಳಿಸಿತೋ ಇಲ್ಲವೋ. ದೊಡ್ಡಮಲ್ಲಮ್ಮನವರು ಹೊಸಿಲಿನ ಮೇಲೆ ನಿಂತು ನೋಡುತ್ತಿದ್ದರು, ಬಾಗಿಲ ಹಿಂದೆ ಅಲ್ಲ.

ಈ ಕಾಗದ ನಿನಗೆ ಸೇರುವ ಹೊತ್ತಿಗೆ ಅವರು ನಿನ್ನ ಬಾಗಿಲಿಗೆ ಬಂದು ಹೋಗಿರುತ್ತಾರೆ. ನನ್ನ ಸ್ಥಿತಿ: ಮರಿಮಲ್ಲಪ್ಪನವರು ಜಗಲಿಯಲ್ಲಿ ದಿಂಬು ಹಾಕಿಕೊಂಡು ಕೂತಿದ್ದಾರೆ. "ನನ್ ಮಗ ಬರೋಗಂಟ ನೀನು ಎಲ್ಲಿಗೂ ಓಗಂಗಿಲ್ಲ" ಎಂದು ಹೊಸ ತೀರ್ಪು ಬಂದಿದೆ. ಊಟಕ್ಕೆ ಕರೆಯುತ್ತಿದ್ದಾರೆ. ಬಸ್ಸು ಹೊರಟ ಹಾರನ್ನು ಕೇಳಿಸುತ್ತಿದೆ.

ಇತಿ, ಅವಧಿ ವಿಸ್ತರಣೆಗೊಂಡ,
ನೀಲಕಂಠ


ಚಾಮರಾಜನಗರ
4-4-1957

ಚಿ॥ ನೀಲಕಂಠನಿಗೆ,

ನಿನ್ನಿಂದ ಕಾಗದ ಏನೂ ಬಂದಿಲ್ಲ. ಅವರು ಮೊದಲು ಬಂದರು.

ನಿನ್ನೆ ಹನ್ನೊಂದು ಗಂಟೆಗೆ ಓಣಿಯ ಕೊನೆಯಲ್ಲಿ ಸದ್ದು ಕೇಳಿತು. ನಾನು ಅಂಗಳದಲ್ಲಿ ಸೀರೆ ಒಣಹಾಕುತ್ತಿದ್ದೆ. ಗಾಡಿ ಬಂದು ಬಾಗಿಲ ಮುಂದೆ ನಿಂತಿತು. ಅವರು ಇಳಿಯಲಿಲ್ಲ, ಇಂಜಿನ್ನನ್ನೂ ನಿಲ್ಲಿಸಲಿಲ್ಲ. ಉಡಿಗಾಲದ ಹತ್ತಿರ ಎಮ್ಮೆ ಅಡ್ಡ ಬಂದಾಗಲೂ ನಿಲ್ಲಿಸಲಿಲ್ಲವಂತೆ, ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯಕ್ಕೆ. ಕನ್ನಡಕ ಇರಲಿಲ್ಲ. ಮುಖದ ತುಂಬ ಕೆಂಪು ಧೂಳು, ಕಣ್ಣಲ್ಲಿ ನೀರು.

ಅಪ್ಪ ಅಂಗಡಿಯಿಂದ ಎದ್ದು ಬಂದರು. ಅವ್ವ ಬಂದಳು. ಎದುರು ಮನೆಯವರೂ ಬಂದರು. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವ ಹಾಗಿರಲಿಲ್ಲ. ನಾನು ಕೈಯಲ್ಲಿ ಒದ್ದೆ ಸೀರೆ ಹಿಡಿದುಕೊಂಡೇ ಗಾಡಿಯ ಪಕ್ಕಕ್ಕೆ ಹೋದೆ. ಅಷ್ಟು ಹತ್ತಿರ ಹೋದರೆ ಕೇಳಿಸುತ್ತಿತ್ತು, ನನಗೊಬ್ಬಳಿಗೆ. ಎಲ್ಲರೂ ನೋಡುತ್ತಿದ್ದರು, ಯಾರೂ ತಡೆಯಲಿಲ್ಲ.

"ಅಪ್ಪಂಗೆ ಏಳ್ದೆ ಬಂದಿದೀನಿ" ಅಂದರು. "ನಿಮ್ಮನ್ನ ಯಾರೂ ಕೇಳ್ನಿಲ್ವಂತೆ. ನಾನ್ ಕೇಳ್ತಾವ್ನಿ. ಬ್ಯಾಡ ಅಂದ್ರೆ ಗಾಡೀನ ಇಲ್ಲೇ ಬುಟ್ಟು ಬಸ್ಸಲ್ಲಿ ಓಯ್ತೀನಿ. ಬ್ಯಾಡ ಅಂದೋನು ನಾನೇ ಅಂತ ಮನೇಲಿ ಏಳ್ತೀನಿ, ನಿಮ್ ಮ್ಯಾಲೆ ಬರಕ್ ಬುಡಲ್ಲ."

ನಾನು ಆ ಕಾಲನ್ನು ನೋಡಿದೆ. ನೀಲಿ ಈಗ ಹಳದಿಗೆ ತಿರುಗಿದೆ. ಪ್ಲಗ್ಗನ್ನು ನೋಡಿದೆ. ಚೊಕ್ಕಟವಾಗಿತ್ತು. ದೀಪದ ಮೇಲೆ ಮೂರು ಬೆರಳಿನ ಗೆರೆ, ಧೂಳು ಕೂತಿದ್ದರೂ ಕಾಣುತ್ತಿತ್ತು. ನೀನು ಆ ಅಮ್ಮನಿಗೆ ಹೇಳಿದ್ದೀಯ, ಆ ಕೈಗೆ ಭಯವಿಲ್ಲದೆ ಎಳೆಯಲು ಇನ್ನೊಂದು ಜಾಗ ಸಿಕ್ಕಿದೆ ಅನಿಸಿತು. ಆ ಮನೆ ಸುಲಭದ ಮನೆ ಅಲ್ಲ, ನನಗೆ ಗೊತ್ತು. ಅವರಿಗೂ ಗೊತ್ತು, ಗೊತ್ತಿದ್ದೇ ಬಂದಿದ್ದರು.

ಅಪ್ಪ ಅಂಗಳದಿಂದ ಎರಡು ಕೈ ಎತ್ತಿ ಏನೋ ಕೂಗುತ್ತಿದ್ದರು. ಬಾಯಿ ಕಾಣುತ್ತಿತ್ತು, ಮಾತು ಇಲ್ಲ.

ನಾನು ಅವರಿಗೆ ಹೇಳಿದೆ: "ನಿಲ್ಸಿ. ಒಳಗ್ ಬನ್ನಿ. ಮತ್ತೆ ಸ್ಟಾರ್ಟ್ ಮಾಡೋದು ನಂಗೊತ್ತು."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈ ತಿರುಗಿಸಿ ನಿಲ್ಲಿಸಿದರು. ಓಣಿಯೆಲ್ಲ ಒಮ್ಮೆಗೇ ಸುಮ್ಮನಾಯಿತು. ಆ ಮೌನದಲ್ಲಿ ಅಪ್ಪನ ದನಿಯೊಂದೇ ದೊಡ್ಡದಾಗಿ ಉಳಿಯಿತು: "ನಿಲ್ಲುಸ್ಬ್ಯಾಡಿ ಸ್ವಾಮಿ, ನಿಲ್ಸುದ್ರೆ ಮತ್ತೆ ಏಳಕಿಲ್ಲ ಅದು."

ಅವರು ಆಗಲೇ ಇಳಿದು, ಕಾಲು ತೊಳೆಯಲು ನೀರು ಎಲ್ಲಿದೆ ಎಂದು ನನ್ನನ್ನೇ ಕೇಳುತ್ತಿದ್ದರು.

ನಿನ್ನ ಅಕ್ಕ,
ಮಂಗಳಗೌರಿ